ಲೆಕ್ಕಕ್ಕೆ ಸೇರದ ಹೇಮಶ್ರೀ

ಎರಡು ವರ್ಷ ತುಂಬುವ ಮೊದಲೇ ಪೋಲಿಯೊ ಬಂದು ಹೇಮಶ್ರೀಯ ಎಡಗಾಲು ಸೊರಗಿಹೋಗಿತ್ತು. ಊರುಗೋಲು ಹಿಡಿದೇ ಪಿಯುಸಿ ಮುಗಿಸಿದಳು. ಅಪ್ಪ ಕರಿಬಸವಯ್ಯನದು ಶ್ರೀರಾಂಪುರದಲ್ಲಿ ಪುಟ್ಟ ದಿನಸಿ ಅಂಗಡಿ. ಮಗಳು ಅಲ್ಲಿ ಕೂರುವುದು ಅವನಿಗೆ ಇಷ್ಟವಿರಲಿಲ್ಲ. ಬಂದವರೆಲ್ಲ ಕಾಲು ನೋಡುತ್ತಾರೆ ಎನ್ನುತ್ತಿದ್ದ.

ತೊಂಬತ್ತೆಂಟರಲ್ಲಿ ಯಾವುದೋ ಸಂಸ್ಥೆಯವರು ನಗರದಲ್ಲಿ ಅಂಗವಿಕಲರು ಎಷ್ಟು ಜನ ಇದ್ದಾರೆಂದು ಮನೆಮನೆಗೆ ಹೋಗಿ ಎಣಿಸಲು ಜನ ಹುಡುಕುತ್ತಿದ್ದರು. ಹೇಮಶ್ರೀ ಮನೆಯಲ್ಲಿ ಯಾರನ್ನೂ ಕೇಳದೆ ಒಪ್ಪಿಕೊಂಡಳು. ದಟ್ಟಗಳ್ಳಿಯ ಹೊಸ ಬಡಾವಣೆ ಅವಳ ಪಾಲಿಗೆ ಬಂತು. ಅರ್ಧ ಕಟ್ಟಿದ ಮನೆಗಳು, ಜಲ್ಲಿ ರಾಶಿ, ಊರುಗೋಲು ಹೂತುಹೋಗುವಂಥ ಮಣ್ಣು ರಸ್ತೆ. ಬಾಗಿಲು ತೆರೆದವರು ಮೊದಲು ಅವಳ ಕಾಲನ್ನೇ ನೋಡುತ್ತಿದ್ದರು. “ನಿಮ್ಮಂಥೋರು ನಮ್ಮನೇಲಿ ಯಾರೂ ಇಲ್ಲ ಕಣಮ್ಮ” ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು.

ಚಾಮುಂಡಮ್ಮ ಎಂಬಾಕೆಯೂ ಹಾಗೇ ಅಂದಳು. ಆದರೆ ಬಚ್ಚಲುಮನೆ ಕಡೆಯಿಂದ ಯಾರೋ ಗೋಡೆಗೆ ತಲೆ ಬಡಿದುಕೊಳ್ಳುವ ಸದ್ದು ಬರುತ್ತಲೇ ಇತ್ತು. ಜಗಲಿಯ ಮೇಲೆ ಕೂತಿದ್ದ ಹೇಮಶ್ರೀ ಏಳಲಿಲ್ಲ. ಕುಡಿಯಲು ನೀರು ಕೇಳಿದಳು. ಕುಡಿದು ಲೋಟ ಕೊಡುತ್ತಾ, “ಅಮ್ಮ, ನನ್ನನ್ನೇ ನೋಡಿ. ಬಸ್ ಪಾಸ್ ಸಿಕ್ತು, ಈಗ ಕೆಲಸಾನೂ ಸಿಕ್ತು. ಹೆಸರು ಬರೆಸಿದ್ರೆ ಏನಾದ್ರೂ ದಾರಿ ಆಗುತ್ತೆ” ಎಂದಳು.

ಚಾಮುಂಡಮ್ಮ ಸೆರಗು ಹಿಂಡುತ್ತಾ ನಿಂತಿದ್ದು, ಕೊನೆಗೆ ಒಳಗೆ ಕರೆದಳು. ನೀರೊಲೆಯ ಪಕ್ಕ ಚಾಪೆಯ ಮೇಲೆ ಬೆಳೆದ ಮಗಳು ಪ್ರೀತಿ. ಕಾಲನ್ನು ಹಳೇ ಸೀರೆಯಿಂದ ಕಿಟಕಿಯ ಸರಳಿಗೆ ಕಟ್ಟಿದ್ದರು.

“ಬುದ್ಧಿ ಬೆಳೀಲಿಲ್ಲ. ಬುಟ್ರೆ ಬೀದಿಗೆ ಓಡೋಯ್ತಾಳೆ. ನಾನೊಬ್ಳು ಎಂಗೆ ಕಾಯ್ಲವ್ವ?”

ಹೇಮಶ್ರೀ ಹೆಸರು ಬರೆದುಕೊಂಡಳು.

ಕೆಲವೇ ವಾರಗಳಲ್ಲಿ ಪ್ರೀತಿಯನ್ನು ತಪಾಸಣೆಗೆ ಕರೆದೊಯ್ಯಲು ಸಂಸ್ಥೆಯ ಜೀಪು ಬಂತು. ಬೀದಿಯವರೆಲ್ಲ ಹೊರಗೆ ಬಂದು ನೋಡಿದರು. ಸುದ್ದಿ ಹಬ್ಬಿ, ಪ್ರೀತಿಯ ಅಕ್ಕನಿಗೆ ಗೊತ್ತಾಗಿದ್ದ ಸಂಬಂಧ ಮುರಿದುಬಿತ್ತು. ಹೇಮಶ್ರೀ ಮತ್ತೆ ಹೋದಾಗ ಚಾಮುಂಡಮ್ಮ ಗೇಟು ತೆಗೆಯಲಿಲ್ಲ.

“ನಿನ್ನ ನಂಬ್ಬುಟ್ಟೆ. ನಿಮ್ ಡಾಕ್ಟ್ರು ಏನೂ ಮಾಡಕಾಗಲ್ಲ ಅಂದ್ಬುಟ್ರು. ಈಗ ದೊಡ್ಡೋಳ ಬಾಳೂ ಹೋಯ್ತು. ಬರ್ಕೊಂಡು ನಿಮ್ಗೇನ್ ಸಿಕ್ತು ಹೇಳು.”

ಹೇಮಶ್ರೀ ಗೇಟಿನಿಂದಲೇ ಹಿಂದಿರುಗಿದಳು. ಮರುದಿನವೇ ಕೆಲಸ ಬಿಟ್ಟಳು.

ಎರಡು ಸಾವಿರದ ಒಂದರಲ್ಲಿ ಸರ್ಕಾರದ ಜನಗಣತಿ ಬಂತು. ಆ ಸಲ ಅಂಗವಿಕಲರನ್ನೂ ಕೇಳಿ ಬರೆದುಕೊಳ್ಳುತ್ತಿದ್ದರು. ಅದೇ ಹೊತ್ತಿಗೆ ತಮ್ಮ ಶಿವಕುಮಾರನಿಗೆ ಹೆಣ್ಣು ಗೊತ್ತಾಗಿತ್ತು. ಹೆಣ್ಣಿನ ಕಡೆಯವರು ಬಂದ ದಿನ ಹೇಮಶ್ರೀಯನ್ನು ಇಲವಾಲದ ಚಿಕ್ಕಮ್ಮನ ಮನೆಗೆ ಸಾಗಹಾಕಿ, ಮಗಳು ಅಲ್ಲೇ ಇರುವುದೆಂದು ಹೇಳಿದ್ದರು. ಈಗ ಗಣತಿಗೆ ಬಂದ ಪುಟ್ಟಸ್ವಾಮಿ ಮೇಷ್ಟ್ರೋ, ಆ ಬೀಗರ ಬೀದಿಯವರೇ.

ಅವರು ಪಡಸಾಲೆಯಲ್ಲಿ ಕೂತು ಕೇಳುತ್ತಿದ್ದುದು ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಹೇಮಶ್ರೀಗೆ ಕೇಳಿಸುತ್ತಿತ್ತು.

“ಮನೇಲಿ ನಾನು, ನಮ್ಮನೆಯೋರು, ಮಗ” ಎಂದ ಕರಿಬಸವಯ್ಯ.

“ಅಂಗವಿಕಲರು ಯಾರಾದ್ರೂ?”

“ಯಾರೂ ಇಲ್ಲ ಮೇಷ್ಟ್ರೇ.”

ಹೇಮಶ್ರೀಯ ಕೈ ಊರುಗೋಲಿಗೆ ಹೋಯಿತು. ಎದುರು ಕೂತಿದ್ದ ಅಮ್ಮ ಪುಟ್ಟಬಸಮ್ಮ ಅವಳನ್ನೇ ನೋಡಿದಳು. ಚಾಮುಂಡಮ್ಮನ ಮುಚ್ಚಿದ ಗೇಟು ಕಣ್ಮುಂದೆ ಬಂತು. ಹೇಮಶ್ರೀ ಕೈ ಹಿಂದಕ್ಕೆ ತೆಗೆದುಕೊಂಡಳು.

ಮೇಷ್ಟ್ರು ಹೋದ ಮೇಲೆ ಅಪ್ಪ ಬಾಗಿಲಲ್ಲಿ ನಿಂತ. “ಮದ್ವೆ ಒಂದು ಆಗೋಗ್ಲಿ ಕಣಮ್ಮ. ಆಮೇಲೆ ಬರೆಸಿದ್ರಾಯ್ತು.”

“ಆಮೇಲೆ ಯಾರು ಬರ್ತಾರೆ ಅಪ್ಪಾಜಿ? ಇನ್ನು ಹತ್ತು ವರ್ಷ ಆಗ್ಬೇಕು.”

ಮದುವೆಯ ದಿನ ಅವಳನ್ನು ಛತ್ರದ ಉಗ್ರಾಣದಲ್ಲಿ ತೆಂಗಿನಕಾಯಿ ಕಾಯಲು ಕೂರಿಸಿದರು. ಧಾರೆಯ ವಾದ್ಯ ಗೋಡೆಯಾಚೆಯಿಂದಲೇ ಕೇಳಿಸಿಕೊಂಡಳು.

ಮನೆತುಂಬಿಸಿಕೊಂಡ ಮರುದಿನ ಸೊಸೆ ಶಿಲ್ಪಶ್ರೀ ಹಿತ್ತಲಿಗೆ ಬಂದವಳು ಹೇಮಶ್ರೀಯನ್ನು ಕಂಡು ನಿಂತಳು. “ನೀವು ಯಾರು?”

“ಶಿವೂಗೆ ಅಕ್ಕ. ಇದೇ ಮನೇಲಿ ಇರೋದು.”

ಶಿಲ್ಪಶ್ರೀ ಕಾಲನ್ನು ನೋಡಿದಳು, ಊರುಗೋಲನ್ನು ನೋಡಿದಳು. ಬೈಯುತ್ತಾಳೆಂದು ಹೇಮಶ್ರೀ ಕಾದಳು. ಆದರೆ ಶಿಲ್ಪಶ್ರೀ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು.

“ನಮ್ಮನೇಲೂ ಚಿಕ್ಕಪ್ಪ ಒಬ್ರು ಇದಾರೆ ಅಕ್ಕ. ಹುಟ್ಟಿದಾಗ್ಲಿಂದ ಮಾತಿಲ್ಲ, ಕಿವೀನೂ ಕೇಳ್ಸಲ್ಲ. ನಾವೂ ನಿಮಗೆ ಹೇಳಿರ್ಲಿಲ್ಲ. ನಮ್ಮಲ್ಲೂ ಗಣತಿಗೆ ಬಂದಿದ್ದ ಪುಟ್ಟಸ್ವಾಮಿ ಮೇಷ್ಟ್ರಿಗೆ ಗೊತ್ತಿತ್ತು. ಆದ್ರೂ ಅಪ್ಪ ಹೇಳ್ದಂಗೇ ಇಲ್ಲ ಅಂತ ಬರ್ಕೊಂಡೋದ್ರು.”

ಒಳಗೆ ಪುಟ್ಟಬಸಮ್ಮ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದಳು.

“ನಿಮ್ಮ ಚಿಕ್ಕಪ್ಪನ ಹೆಸರೇನಮ್ಮ?” ಎಂದು ಹೇಮಶ್ರೀ ಕೇಳಿದಳು.

“ಮರಿಸ್ವಾಮಿ” ಎಂದಳು ಶಿಲ್ಪಶ್ರೀ.