ಪಾಲಾರ್ ದಂಡೆಯ ಕ್ಲಬ್ಬಿನಲ್ಲಿ ಚಿಕ್ಕಪ್ಪನ ಬಿಲ್ಲೆ

ಬಂಗಾರಪೇಟೆಯಲ್ಲಿ ರೈಲು ಮುಕ್ಕಾಲು ಗಂಟೆ ತಡ. ಹತ್ತು ರೂಪಾಯಿ ಟಿಕೆಟ್ಟಿನಲ್ಲಿ ಚಾಂಪಿಯನ್ ರೀಫ್ಸ್ ತಲುಪುವ ಹೊತ್ತಿಗೆ ಬಿಸಿಲು ನೆತ್ತಿ ಸುಡುತ್ತಿತ್ತು. ಚಿಕ್ಕಮ್ಮ ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲೇ ಕಾಯುತ್ತಿದ್ದಳು. ಹೊರಟದ್ದು ಹೋಟೆಲಿಗಾದರೂ ಅವಳಿಗೆ ಬೇಕಿದ್ದದ್ದು ಊಟವಲ್ಲ, ಚಿಕ್ಕಪ್ಪನ ಬಿಲ್ಲೆ.

ಇಲ್ಲಿನ ಚಿನ್ನದ ಗಣಿಗೆ ಇಳಿಯುವವನು ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಮೇಲೆ ಹಲಗೆಗೆ ತಗುಲಿಸಿ ಹೋಗಬೇಕು. ಹತ್ತಿ ಬಂದ ಮೇಲೆ ತಾನೇ ತೆಗೆಯಬೇಕು. ಬಿಲ್ಲೆ ಉಳಿದರೆ ಮನುಷ್ಯ ಒಳಗೇ ಉಳಿದನೆಂದು ಅರ್ಥ. ಬಂಡೆ ಸಿಡಿದ ದಿನ ಚಿಕ್ಕಪ್ಪನದು ಉಳಿಯಿತು. ಹೆಣವೂ ಸಿಗಲಿಲ್ಲ. ಗಣಿ ಮುಚ್ಚಿದ ಮೇಲೆ ಆ ಹಲಗೆ ಬಿಲ್ಲೆಗಳ ಸಮೇತ ಗುಜರಿ ಸೇರಿ, ಈಗ ಪಾಲಾರ್ ದಂಡೆಯ ಹಳೇ ಕ್ಲಬ್ಬಿನಲ್ಲಿದೆ ಎಂದು ಯಾರೋ ಹೇಳಿದ್ದರು.

ಆಂಡರ್ಸನ್‌ಪೇಟೆ ದಾಟಿ ಆಟೊದಲ್ಲಿ ಅರ್ಧ ಗಂಟೆ. ಹೊಳೆಯಲ್ಲಿ ನೀರಿಲ್ಲ, ಬರೀ ಜಾಲಿ. ಬ್ರಿಟಿಷ್ ದೊರೆಗಳು ಕುಡಿದು ಕುಣಿಯುತ್ತಿದ್ದ ಕ್ಲಬ್ಬು ಈಗ ಹೋಟೆಲು, ಮದುವೆ ಹಾಲ್. ಜಗಲಿಯಲ್ಲಿ ಯಾರದೋ ನಿಶ್ಚಿತಾರ್ಥ ನಡೆದಿತ್ತು.

ಒಳಗೆ ಗೋಡೆಯಲ್ಲಿ ಹಲಗೆ ಇತ್ತು. ಬಿಲ್ಲೆಗಳಿಗೆ ಪಾಲಿಶ್ ಹೊಡೆದಿದ್ದರು. ಚಿಕ್ಕಮ್ಮ ಸಾಲು ಸಾಲಾಗಿ ನೋಡುತ್ತ ಬಂದು ಒಂದು ಕಡೆ ನಿಂತಳು.

"ಇಲ್ಲೇ ಅವ್ರೆ," ಎಂದಳು. ಮುಟ್ಟಲಿಲ್ಲ.

"ಫೋಟೋ ತಗೊಳ್ಳಿ ಅಜ್ಜಿ. ಮುಟ್ಬೇಡಿ, ಡೆಕೊರೇಷನ್ನು," ಎಂದ ಮ್ಯಾನೇಜರ್.

ನನ್ನ ಮೈ ಉರಿಯಿತು. ಸತ್ತವನ ಗುರುತು ಇವನಿಗೆ ಡೆಕೊರೇಷನ್ನಂತೆ! ಊಟವಾಗಿ ಚಿಕ್ಕಮ್ಮ ಕೈ ತೊಳೆಯಲು ಹೋದಾಗ ಬಿಲ್ಲೆ ಕಿತ್ತು ಬ್ಯಾಗಿಗೆ ಸೇರಿಸಿದೆ.

ಆಟೊ ಎರಡು ಕಿಲೋಮೀಟರ್ ಬಂದ ಮೇಲೆ ಅದನ್ನು ಅವಳ ಅಂಗೈಯಲ್ಲಿಟ್ಟೆ. ಖುಷಿಪಡುತ್ತಾಳೆಂದುಕೊಂಡಿದ್ದೆ. ಅವಳ ಮುಖ ಬಿಳಿಚಿತು.

"ತೆಗೆಯೋಕೆ ನೀನ್ಯಾರೇ?"

"ನಿಂದೇ ಅಲ್ವಾ ಚಿಕ್ಕಮ್ಮ, ಮನೇಲಿರ್ಲಿ ಅಂತ."

"ಬಿಲ್ಲೆ ಇಲ್ದಿದ್ರೆ ಮೇಲ್ ಬಂದವ್ರೆ ಅಂತ ತಿಳ್ಕೋತಾರೆ. ಉಡ್ಕೋದು ನಿಲ್ಲಿಸ್ಬಿಡ್ತಾರೆ ಕಣೇ."

ಹುಡುಕುವವರು ಈಗ ಯಾರೂ ಇರಲಿಲ್ಲ. ಆದರೂ ಆಟೊ ತಿರುಗಿಸಿದೆವು. ಮ್ಯಾನೇಜರ್ ನನ್ನನ್ನು ಕಳ್ಳಿ ಎಂದ. ತಲೆ ತಗ್ಗಿಸಿ ಬಿಲ್ಲೆಯನ್ನು ಅದೇ ಮೊಳೆಗೆ ಸಿಕ್ಕಿಸಿದೆ. ಚಿಕ್ಕಮ್ಮ ನಂಬರನ್ನು ಎರಡು ಸಲ ಓದಿ ನೋಡಿದಳು. ಬಾಗಿಲು ದಾಟುವಾಗ ಮತ್ತೆ ಹಲಗೆಯ ಕಡೆ ತಿರುಗಿದಳು.

"ಬತ್ತೀನಿ," ಎಂದಳು.