ರಮಾಕಾಂತನ ಬಯಕೆ ಊಟ

ಹೊಳನಗದ್ದೆಯ ರಮಾಕಾಂತ ನಾಯ್ಕ ಕುಮಟಾ–ಹೊನ್ನಾವರ ನಡುವೆ ಪ್ಯಾಸೆಂಜರ್ ಟೆಂಪೋ ಓಡಿಸುತ್ತಿದ್ದ. ಅವನ ಸೀಟನ್ನು ಹಿಂದಕ್ಕೆ ಎಷ್ಟು ಸರಿಸಬಹುದೋ ಅಷ್ಟೂ ಸರಿಸಿದ್ದರು. ಆದರೂ ಸ್ಟಿಯರಿಂಗ್ ಅವನ ಹೊಟ್ಟೆಯನ್ನು ಸವರಿಕೊಂಡೇ ತಿರುಗುತ್ತಿತ್ತು. ಹಿಂದೆ ಕುಳಿತವರು ಕಾಲನ್ನು ಅಡ್ಡ ಇಟ್ಟುಕೊಳ್ಳಬೇಕಿತ್ತು. ಅದಕ್ಕೆ ಯಾರೂ ಬೇಸರಿಸಲಿಲ್ಲ. ದಪ್ಪಗಿರುವ ಡ್ರೈವರಿಗೆ ಅವಸರವಿರುವುದಿಲ್ಲ, ಅವಸರವಿಲ್ಲದವನ ಗಾಡಿಗೆ ಅಪಘಾತವಾಗುವುದಿಲ್ಲ ಎಂಬುದು ನಮ್ಮ ಕಡೆಯವರ ನಂಬಿಕೆ.

ಒಂದು ಮಧ್ಯಾಹ್ನ ಕರ್ಕಿಯ ಹತ್ತಿರ ಅವನು ಸ್ಟಿಯರಿಂಗ್ ಹಿಡಿದುಕೊಂಡೇ ನಿದ್ದೆ ಹೋದ. ಟೆಂಪೋ ಮೆಲ್ಲಗೆ ರಸ್ತೆ ಬಿಟ್ಟು ಇಳಿದು, ಯಾರದೋ ಬೇಲಿಯನ್ನು ಮಲಗಿಸಿ, ತೆಂಗಿನ ಮರಕ್ಕೆ ಮುಖ ಒತ್ತಿಕೊಂಡು ನಿಂತಿತು. ಯಾರಿಗೂ ಗಾಯವಾಗಲಿಲ್ಲ. ಇಳಿದ ಪ್ರಯಾಣಿಕರು ಅವನನ್ನೇ ಸಮಾಧಾನ ಮಾಡಿದರು.

"ಊಟ ಗಟ್ಟಿಯಾಗಿತ್ತು ಕಾಣ್ತದೆ, ಪಾಪ. ಇರ್ಲಿ, ಬೇಲಿ ಮತ್ತೆ ಕಟ್ಟುಕಾಗ್ತದೆ."

ಅವನ ಹೆಂಡತಿ ಕುಸುಮಾಳಿಗೆ ಮಾತ್ರ ಸಮಾಧಾನವಾಗಲಿಲ್ಲ. ಅವಳು ಅಂಗನವಾಡಿಯಲ್ಲಿ ಸಹಾಯಕಿ. ಗಂಡನ ಗೊರಕೆಗೆ ಒಗ್ಗಿಹೋಗಿದ್ದ ಅವಳಿಗೆ ಕೆಲವು ವರ್ಷಗಳಿಂದ ಗೊರಕೆ ನಿಂತಾಗ ಎಚ್ಚರವಾಗುತ್ತಿತ್ತು. ಗೊರಕೆಯ ಜೊತೆಗೆ ಉಸಿರೂ ನಿಂತಿರುತ್ತಿತ್ತು. ಭುಜ ಹಿಡಿದು ಅಲುಗಿಸಿದ ಮೇಲೆಯೇ ಅದು ಮತ್ತೆ ಹೊರಡುತ್ತಿತ್ತು. ಅವಳು ಅವನನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮೈಯ ತೂಕದಿಂದಾಗಿ ರಾತ್ರಿ ಉಸಿರು ಕಟ್ಟುತ್ತದೆ, ಅದಕ್ಕೇ ಹಗಲು ತೂಕಡಿಕೆ ಎಂದರು ಡಾಕ್ಟರು. ರಾತ್ರಿ ಮೂಗಿಗೆ ಗಾಳಿ ಕೊಡುವ ಯಂತ್ರ ಕಟ್ಟಿಕೊಳ್ಳಬೇಕು. ಜಠರದ ಹೆಚ್ಚಿನ ಭಾಗವನ್ನು ಕತ್ತರಿಸಿ ಬಾಳೆಕಾಯಿಯಷ್ಟು ಉಳಿಸುವ ಆಪರೇಷನ್ ಮಾಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಗಾಡಿ ಮುಟ್ಟಬಾರದು.

ಟೆಂಪೋದ ಮಾಲೀಕ ಜಗದೀಶ ಎಲ್ಲ ಕೇಳಿ ಹೇಳಿದ: "ನಿದ್ದೆ ಬರೂದಿಲ್ಲ ಅಂತ ಡಾಕ್ಟ್ರು ಹೇಳ್ಲಿ, ಸೀಟು ನಿಂದೇ. ಅಲ್ಲಿವರೆಗೆ ನಮ್ಮ ಹುಡ್ಗ ಸಂತೋಷ ಓಡಿಸ್ತಾ. ಆದ್ರೆ ವರ್ಷಗಟ್ಲೆ ಕಾಯೂಕೆ ನನ್ನಿಂದ ಆಗೂದಿಲ್ಲ, ಮಾರಾಯಾ."

ರಮಾಕಾಂತನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಆ ಸೀಟಿನಲ್ಲಿ ಕುಳಿತಾಗ ಅವನು ಡ್ರೈವರ್. ಕೆಳಗಿಳಿದರೆ ದಪ್ಪ ಮನುಷ್ಯ, ಅಷ್ಟೇ. ಆಪರೇಷನ್ನಿಗೆ ಒಪ್ಪಿಕೊಂಡ.

ಆಪರೇಷನ್ನಿಗೆ ಮೊದಲು ಎರಡು ವಾರ ಗಟ್ಟಿ ಊಟ ಬಿಡಬೇಕಿತ್ತು. ಡಾಕ್ಟರು ಕೊಟ್ಟ ಪುಡಿಯನ್ನು ಕದಡಿ ಕುಡಿಯುವುದು, ತಿಳಿ ಸಾರು, ಮಜ್ಜಿಗೆ, ನೀರು. ಹಾಗೆ ಮಾಡಿದರೆ ಕೊಬ್ಬು ತುಂಬಿ ಊದಿಕೊಂಡ ಲಿವರ್ ಸಣ್ಣದಾಗುತ್ತದೆ, ಆಗ ಕೆಲಸ ಸುಲಭ ಎಂದು ಡಾಕ್ಟರು ವಿವರಿಸಿದ್ದರು. ಊರಿಗೆ ಬಂದು ಮುಟ್ಟುವಷ್ಟರಲ್ಲಿ ಆ ವಿವರಣೆಯೂ ಸಣ್ಣದಾಯಿತು. "ರಮಾಕಾಂತನ ಹೊಟ್ಟೆ ಕೊಯ್ತ್ರಂತೆ. ಇನ್ನು ಜನ್ಮದಲ್ಲಿ ಊಟ ಇಲ್ವಂತೆ" ಎಂಬುದಷ್ಟೇ ಉಳಿಯಿತು.

ಮೊದಲು ಕಣ್ಣೀರು ಹಾಕಿದವಳು ತದಡಿಗೆ ಕೊಟ್ಟಿದ್ದ ತಂಗಿ ರೂಪಾ. "ಅಣ್ಣಾ, ಬಸುರಿಗೆ ಆದ್ರೂ ಬಯಕೆ ಊಟ ಹಾಕ್ತ್ರು. ನಿಂಗೆ ಹೊಟ್ಟೆಯೇ ಹೋಗ್ತದೆ, ಒಂದ್ ಬಯಕೆ ಬ್ಯಾಡ್ವಾ?"

ನಮ್ಮಲ್ಲಿ ಬಸುರಿ ಹೆಂಗಸಿಗೆ ಹೆರಿಗೆಗೆ ಮೊದಲು ನೆಂಟರು ಕರೆದು, ಅವಳ ಬಾಯಿ ಬೇಡಿದ್ದನ್ನೆಲ್ಲ ಮಾಡಿ ಬಡಿಸುವ ಪದ್ಧತಿ ಇದೆ. ಬಡಿಸಿದ್ದನ್ನು ಬೇಡ ಎನ್ನುವಂತಿಲ್ಲ, ಒಂದು ಮನೆಗೆ ಹೋಗಿ ಇನ್ನೊಂದು ಮನೆ ಬಿಡುವಂತಿಲ್ಲ. ಮೀಸೆ ಹೊತ್ತ ಗಂಡಸಿಗೆ ಇದನ್ನು ಮಾಡಿದ್ದು ಮಾತ್ರ ಇದೇ ಮೊದಲು. ರೂಪಾ ನಮ್ಮ ಕಡೆ ಶೆಟ್ಲಿ ಎನ್ನುವ ಸೀಗಡಿ ಹುರಿದಳು, ಬಂಗಡೆ ಸಾರು ಮಾಡಿದಳು, ಎಲೆಯ ತುದಿಗೆ ಕರಿದ ಸಿಹಿ ಸುಕ್ರುಂಡೆ ಇಟ್ಟಳು. ಸುದ್ದಿ ಕೇಳಿದ ದೊಡ್ಡಮ್ಮ, ತಂಗಿ ಮಾಡಿದ ಮೇಲೆ ತಾನು ಸುಮ್ಮನಿದ್ದರೆ ಮರ್ಯಾದೆಯಲ್ಲ ಎಂದು ವಡೆ ಕೋಳಿ ಮಾಡಿದಳು. ವಡೆ ಕೋಳಿಯ ಸುದ್ದಿ ಕೇಳಿದ ಸೋದರತ್ತೆಯ ಮನೆಯವರು ಅದರ ಮೇಲೊಂದು ಪಾಯಸವನ್ನೂ ಸೇರಿಸಿದರು. ಕುಸುಮಾ ಅಂಗನವಾಡಿಗೆ ಹೋದ ಹೊತ್ತಿಗೇ ಈ ಊಟಗಳೆಲ್ಲ ನಡೆಯುತ್ತಿದ್ದವು. ಎಲ್ಲಿಗೆ ಹೋಗಿದ್ದಿರಿ ಎಂದು ಅವಳು ಕೇಳಿದರೆ ಇಡಗುಂಜಿ ದೇವಸ್ಥಾನಕ್ಕೆ ಎನ್ನುತ್ತಿದ್ದ. ಒಮ್ಮೆ ನಿಜವಾಗಿಯೂ ಹೋಗಿದ್ದ. ಹೊಟ್ಟೆ ಕರಗಿಸಿಕೊಡು ಎಂದು ಗಣಪತಿಯ ಮುಂದೆ ನಿಂತು, ಕೇಳುವುದಕ್ಕೆ ಸಂಕೋಚವಾಗಿ, ಪಂಚಕಜ್ಜಾಯ ತಿಂದು ಬಂದಿದ್ದ.

ಆದರೆ ಒಂದು ಮಾತು ಹೇಳಲೇಬೇಕು. ಡಾಕ್ಟರು ಕೊಟ್ಟ ಪುಡಿಯನ್ನು ಅವನು ಒಂದು ಹೊತ್ತೂ ತಪ್ಪಿಸಲಿಲ್ಲ. ಪ್ರತಿ ಊಟದ ಮೇಲೆ ತಪ್ಪದೆ ಕುಡಿದ.

ಆಪರೇಷನ್ನಿನ ಹಿಂದಿನ ದಿನ ಮಂಗಳೂರಿನಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರು ಪರದೆಯನ್ನೂ ಅವನನ್ನೂ ಎರಡೆರಡು ಸಲ ನೋಡಿದರು.

"ಲಿವರ್ ಮೊದಲಿಗಿಂತ ದೊಡ್ಡದಾಗಿದೆ. ಏನು ತಿಂದಿರಿ?"

"ಪುಡಿ ಬಿಟ್ಟಿಲ್ಲ, ಡಾಕ್ಟ್ರೇ. ದೇವರಾಣೆ."

"ಪುಡಿಯ ಜೊತೆಗೆ?"

ಜೊತೆಗೆ ಬಂದಿದ್ದ ಅವನ ತಾಯಿ ತಿಮ್ಮಿಗೆ ಡಾಕ್ಟರ ಅಜ್ಞಾನ ಕಂಡು ಕನಿಕರವಾಯಿತು. "ಬಯಕೆ ಊಟ ಸ್ವಾಮಿ, ಬ್ಯಾಡ ಅನ್ನೂಕೆ ಬರೂದಿಲ್ಲ" ಎಂದು ತಿಳಿಸಿ ಹೇಳಿದಳು. ಕುಸುಮಾ ಅಲ್ಲಿಯೇ ಗೋಡೆಗೆ ಒರಗಿದಳು. ಡಾಕ್ಟರು ಇನ್ನೊಂದು ತಾರೀಖು ಕೊಟ್ಟು, ಮತ್ತೆ ಹೀಗಾದರೆ ಬೇರೆ ಆಸ್ಪತ್ರೆ ನೋಡಿಕೊಳ್ಳಿ ಎಂದರು. ಊರಿಗೆ ಬಂದರೆ ಜಗದೀಶನೂ ಅದನ್ನೇ ಬೇರೆ ರೀತಿಯಲ್ಲಿ ಹೇಳಿದ: "ಸಂತೋಷ ಪರ್ಮನೆಂಟ್ ಮಾಡಿ ಅಂತಾ ಇದ್ದ."

ಅಂದು ಕುಸುಮಾ ಅತ್ತೆಯೊಡನೆ ಜಗಳವಾಡಲಿಲ್ಲ. ಶಾಸ್ತ್ರವನ್ನೇ ಎತ್ತಿಕೊಂಡಳು. "ಅತ್ತೇ, ಬಯಕೆ ಮುಗೀತಲ್ಲ? ಬಯಕೆ ಆದ ಮೇಲೆ ಇದ್ದ ಮನೇಲಿ ಇರೂಕೆ ಉಂಟಾ? ಇನ್ನೊಂದು ಮನೆಗೆ ಕಳಿಸ್ಬೇಕಲ್ಲ?"

ತಿಮ್ಮಿ ಯೋಚಿಸಿದಳು. ಬಯಕೆಯಾದ ಬಸುರಿಯನ್ನು ಗಂಡನ ಮನೆಯಿಂದ ತವರಿಗೆ ಕಳಿಸುವ ಶಾಸ್ತ್ರ ಸರಿಯಾಗಿಯೇ ಇತ್ತು. ರಮಾಕಾಂತನನ್ನು ಶಿರಾಲಿಯಲ್ಲಿದ್ದ ಕುಸುಮಾಳ ಅಣ್ಣ ಗಿರೀಶನ ಮನೆಗೆ ಕಳಿಸಿದರು. ಗಿರೀಶ ಮದುವೆಯಾಗದವನು, ಭಟ್ಕಳದ ಮೊಬೈಲ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದವನು. ಅವನು ಮಾಡಿದ ಅಡುಗೆಯನ್ನು ಬೆಕ್ಕು ಕೂಡ ಮೂಸಿ ನೋಡಿ ಬಿಡುತ್ತಿತ್ತು. ಅಲ್ಲಿ ಪುಡಿ ಕದಡಿದ ನೀರೇ ಮೃಷ್ಟಾನ್ನವಾಗಿತ್ತು. ಈ ಬಾರಿ ಲಿವರ್ ಡಾಕ್ಟರ ಮಾತು ಕೇಳಿತು. ಆಪರೇಷನ್ ಆಯಿತು.

ಬಯಕೆಯ ನಂತರದ ಅಧ್ಯಾಯ ಬಾಣಂತನ ಎಂಬುದನ್ನು ಕುಸುಮಾ ಮರೆತಿದ್ದಳು. ಮಗ ಮನೆಗೆ ಬರುತ್ತಲೇ ತಿಮ್ಮಿ ಅವನ ಕಿವಿ ಮುಚ್ಚುವಂತೆ ಬಟ್ಟೆ ಸುತ್ತಿ, ಗಾಳಿಯಾಡದ ಕೋಣೆಯಲ್ಲಿ ಮಲಗಿಸಿ, ಮಂಚದ ಕೆಳಗೆ ಕೆಂಡ ಇಟ್ಟಳು. ಡಾಕ್ಟರು ಓಡಾಡಬೇಕು ಎಂದಿದ್ದರು. ತಿಮ್ಮಿ ಅಲ್ಲಾಡಬೇಡ ಎಂದಳು. ಕುಸುಮಾ ಕೆಂಡ ಹೊರಗೆ ಚೆಲ್ಲಿದರೆ ತಿಮ್ಮಿ ಹೊಸದು ತರುತ್ತಿದ್ದಳು. ನೋಡಲು ಬಂದವರಿಗೆ ಗಾಯ ಕಂಡು ನಿರಾಸೆಯಾಯಿತು. "ಇಷ್ಟೇಯಾ? ಈ ಸಣ್ಣ ಸಣ್ಣ ತೂತಲ್ಲಿ ಹೊಟ್ಟೆ ಹ್ಯಾಂಗೆ ಹೊರಗೆ ತೆಗದ್ರು? ಡಾಕ್ಟ್ರು ನಿಂಗೆ ಟೋಪಿ ಹಾಕ್ಯಾರೆ ನೋಡು" ಎಂದು ದೊಡ್ಡಮ್ಮ ಅನುಮಾನಪಟ್ಟಳು.

ಕೆಲವು ವಾರ ಕಳೆದು ಅವನು ಮೆತ್ತಗಿನ ಗಂಜಿಗೆ ಬಂದಿದ್ದ. ಕುಸುಮಾ ಇಲ್ಲದ ಹೊತ್ತಿನಲ್ಲಿ ತಿಮ್ಮಿ ಬಾಣಂತಿಯರಿಗೆಂದು ಮಾಡುವ ಬೆಲ್ಲ ತುಪ್ಪದ ಲೇಹವನ್ನು ಬಟ್ಟಲಲ್ಲಿ ತಂದಳು.

"ತಿನ್ನು ತಮಾ, ಬೆನ್ನಿಗೆ ಬಲ ಬರ್ತದೆ."

ಅವನು ತಾಯಿಯ ಮುಖ ನೋಡಿ ತಿಂದ. ಸ್ವಲ್ಪ ಹೊತ್ತಿನಲ್ಲೇ ಎದೆ ಡವಡವ ಹೊಡೆದುಕೊಂಡಿತು, ಮೈಯೆಲ್ಲ ಬೆವರಿತು, ಕಣ್ಣು ಕತ್ತಲೆಯಾಯಿತು. ಪಾಯಿಖಾನೆಗೆ ಗೋಡೆ ಹಿಡಿದುಕೊಂಡು ಹೋದ. ತಿಮ್ಮಿ ದೃಷ್ಟಿಯಾಯಿತೆಂದು ಮೆಣಸು ತಂದಳು.

"ದೃಷ್ಟಿ ಅಲ್ಲ ಅವ್ವಿ, ಲೇಹ. ಈ ಸಣ್ಣ ಹೊಟ್ಟೆಗೆ ಸಿಹಿ ತಡೆಯೂದಿಲ್ಲ" ಎಂದ ಅವನು, ಹೊರಗೆ ಬಂದು ಜಗಲಿಯ ಮೇಲೆ ಕುಳಿತು. "ನೀ ಕೊಟ್ಟಿದ್ದು ಬ್ಯಾಡ ಅಂತ ನಾ ಯಾವತ್ತೂ ಅನ್ನಲಿಲ್ಲ. ಈಗ ಹೇಳ್ತೆ. ನಂಗೆ ಬಲ ಬ್ಯಾಡ, ಗಾಡಿ ಬೇಕು. ಗಾಡಿ ಹೊಡೆಯೂಕೆ ಹುಟ್ಟಿದವ ನಾನು. ಇಲ್ಲಿ ಮಲಗ್ಸಿ ತಿನ್ಸಿದ್ರೆ ಸತ್ತೇ ಹೋಗ್ತೆ."

ತಿಮ್ಮಿ ಎರಡು ದಿನ ಮಗನ ಮೇಲೆ ಮುನಿಸಿಕೊಂಡಿದ್ದಳು. ಮೂರನೇ ದಿನ ರೂಪಾ ತವರಿಗೆ ಡಬ್ಬಿಯಲ್ಲಿ ಮೀನು ತಂದಾಗ ಅಂಗಳದಲ್ಲೇ ತಡೆದು ನಿಲ್ಲಿಸಿದಳು. "ಎಂತದು ಅದು? ಖಾರವಾ? ಒಳಗೆ ತರಬ್ಯಾಡ. ಅವನ ಹೊಟ್ಟೆ ಇಷ್ಟೇ ಇಷ್ಟು ಉಂಟು, ಅದ್ರಲ್ಲಿ ನಿನ್ನ ಶೆಟ್ಲಿ ಎಲ್ಲಿ ಹಿಡೀತದೆ?" ಅಂದಿನಿಂದ ಊರಲ್ಲಿ ಡಾಕ್ಟರಿಗಿಂತ ದೊಡ್ಡ ಡಾಕ್ಟರು ಅವಳಾದಳು.

ಕೆಲವು ತಿಂಗಳಲ್ಲಿ ರಮಾಕಾಂತನ ತೂಕ ಇಳಿಯಿತು. ಕೆನ್ನೆ ಒಳಗೆ ಹೋಯಿತು, ಅಂಗಿ ಜೋತಾಡಿತು. ನಿದ್ದೆಯ ಪರೀಕ್ಷೆಯಲ್ಲಿ ಉಸಿರು ಸರಾಗವಾಗಿದೆ, ಯಂತ್ರವೂ ಬೇಡ, ಗಾಡಿ ಓಡಿಸಬಹುದು ಎಂದು ಡಾಕ್ಟರು ಹೇಳಿದರು. ಜಗದೀಶ ಮಾತಿಗೆ ತಪ್ಪದೆ ಕೀಲಿ ಕೊಟ್ಟ.

ಆದರೆ ಕುಮಟೆಯ ಸ್ಟ್ಯಾಂಡಿನಲ್ಲಿ ಜನ ಒಳಗೆ ಇಣುಕಿ ನೋಡಿ ಹಿಂದೆ ಸರಿದರು.

"ಡ್ರೈವರ್ ಯಾರು ಅದು? ಸೀಕಿನವನ ಹಾಗೆ ಕಾಣ್ತಾ."

"ದೊಡ್ಡ ಕಾಯಿಲೆ ಅಂತೆ. ದಾರಿಯಲ್ಲಿ ಎಂತಾದ್ರೂ ಆದ್ರೆ? ಹಿಂದಿನ ಗಾಡಿಗೆ ಬತ್ತೆ ನಾನು."

ವರ್ಷಗಟ್ಟಲೆ ತೂಕಡಿಸುತ್ತ ಓಡಿಸಿದವನ ಹಿಂದೆ ಇವರೇ ನೆಮ್ಮದಿಯಾಗಿ ಕುಳಿತಿದ್ದರು. ಈಗ ಅವನು ಕಣ್ಣು ತೆರೆದು ಕುಳಿತಿದ್ದ, ಸೀಟುಗಳು ಖಾಲಿಯಿದ್ದವು. ಮೂರು ದಿನ ಹೀಗೆ ನಡೆಯಿತು. ಜಗದೀಶ ಕೆಮ್ಮಿ, "ಈ ವಾರ ನೋಡ್ವಾ" ಎಂದ.

ನಾಲ್ಕನೇ ದಿನ ಕುಸುಮಾ ರಜೆ ಹಾಕಿ ಬಂದು ಡ್ರೈವರಿನ ಪಕ್ಕದ ಸೀಟಿನಲ್ಲಿ ಕುಳಿತಳು. ಅವಳಿಗೆ ಅವನ ಕಣ್ಣನ್ನೂ ನೋಡುವುದಿತ್ತು. ತೂಕಡಿಸಿದರೆ ಚಿವುಟುವುದೆಂದು ತೀರ್ಮಾನಿಸಿದ್ದಳು. ಹೂವಿನ ಬುಟ್ಟಿ ಹಿಡಿದ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು ಕೇಳಿದಳು: "ನೀ ಯಾರೇ?"

"ಇವರ ಹೆಂಡ್ತಿ."

"ಹೆದ್ರಿಕೆ ಇಲ್ವಾ ನಿಂಗೆ?"

"ಹೆದರಿದ್ದೆಲ್ಲ ಮೊದ್ಲೇ ಆಗಿ ಹೋತು. ಹತ್ತಿ."

ಅವಳು ಹತ್ತಿದಳು. ಅವಳ ಹಿಂದೆ ಮತ್ತೊಬ್ಬರು, ಮಗದೊಬ್ಬರು. ಟೆಂಪೋ ತುಂಬಿ ಹೊರಟಿತು. ಧಾರೇಶ್ವರದವರೆಗೆ ಕುಸುಮಾ ಗಂಡನ ರೆಪ್ಪೆಗಳನ್ನೇ ನೋಡುತ್ತಿದ್ದಳು. ಅವು ಬೇಕಾದಾಗ ಮುಚ್ಚಿ, ಕೂಡಲೇ ತೆರೆದುಕೊಳ್ಳುತ್ತಿದ್ದವು. ಹಳದೀಪುರ ಬರುವಷ್ಟರಲ್ಲಿ ಅವಳ ತಲೆಯೇ ಕಿಟಕಿಗೆ ತಾಗಿತ್ತು. ಎಷ್ಟೋ ವರ್ಷಗಳ ರಾತ್ರಿಗಳ ನಿದ್ದೆ ಅವಳಿಗೆ ಬಾಕಿಯಿತ್ತು.

ರಮಾಕಾಂತ ಗುಂಡಿಗಳನ್ನು ತಪ್ಪಿಸಿ ಮೆಲ್ಲಗೆ ಓಡಿಸಿದ. "ಬೇಗ ಹೋಗಾ, ಕೋರ್ಟಿಗೆ ಹೊತ್ತಾತು" ಎಂದು ಹಿಂದಿನಿಂದ ಯಾರೋ ಕೂಗಿದರು. "ಶ್!" ಎಂದಳು ಹೂವಿನವಳು. ಹೊನ್ನಾವರದಲ್ಲಿ ಎಲ್ಲರೂ ಇಳಿದರು. ಅವನು ಇಂಜಿನ್ ಬಂದ್ ಮಾಡಿ, ಅವಳನ್ನು ಎಬ್ಬಿಸದೆ, ವಾಪಸು ಹೋಗುವ ಜನ ಬರುವವರೆಗೂ ಸ್ಟಿಯರಿಂಗಿನ ಹಿಂದೆಯೇ ಕುಳಿತಿದ್ದ.