ಶನಿವಾರದ ದೆವ್ವದ ಮೊಟ್ಟೆ

ಏರ್‌ಪೋರ್ಟ್ ರಸ್ತೆಗೆ ಮೇಲ್ಸೇತುವೆ ಕಟ್ಟುತ್ತಿದ್ದ ಕಾಲ. ಅತ್ತೆ ಕೊಡಿಗೇಹಳ್ಳಿಯ ನಮ್ಮ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ನೇನೋ ಆಯಿತು, ಆದರೆ ಹೊಲಿಗೆ ಹಾಕಿದ ಗಾಯ ಮಾತ್ರ ಕೂಡಲೇ ಇಲ್ಲ. ದಿನಕ್ಕೆರಡು ಮೊಟ್ಟೆ ತಿನ್ನಿಸಿ, ಗಾಯ ಕೂಡದಿದ್ದರೆ ಮತ್ತೆ ಕೊಯ್ಯಬೇಕಾದೀತು ಎಂದರು ಡಾಕ್ಟರು. ಅತ್ತೆಯ ಮಗ, ಅಂದರೆ ನನ್ನ ಗಂಡ, ಗಂಭೀರವಾಗಿ ತಲೆಯಾಡಿಸಿದರು. ಅವರಿಗೆ ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿಯುವುದಕ್ಕೂ ಬರುವುದಿಲ್ಲ. ಅಂದರೆ ಕೆಲಸ ನನ್ನದು.

ನಾಲ್ಕೇ ದಿನಕ್ಕೆ ಅತ್ತೆ ತಟ್ಟೆ ತಳ್ಳಿದರು. "ಬ್ಯಾಡ ಕಣಮ್ಮ, ವಾಸನೆಗೇ ವಾಕರಿಕೆ ಬತ್ತದೆ."

ಆಗ ನೆನಪಾದದ್ದು ಆಫೀಸಿನ ಪಾರ್ಟಿಯಲ್ಲಿ ತಿಂದಿದ್ದ ಡೆವಿಲ್ಡ್ ಎಗ್. ಬೆಂದ ಮೊಟ್ಟೆಯನ್ನು ಎರಡು ಹೋಳು ಮಾಡಿ, ಹಳದಿಯನ್ನು ತೆಗೆದು ಮಸಾಲೆ ಹಾಕಿ ನುಣ್ಣಗೆ ಕಿವುಚಿ, ಮತ್ತೆ ಬಿಳಿಯ ಗುಳಿಯೊಳಗೆ ತುಂಬುವುದು. ಹೆಸರಿನ ಅರ್ಥ ಹೇಳಿದೆ. "ದೆವ್ವದ ಮೊಟ್ಟೆನಾ? ನಂಗೆ ಅದೊಂದು ಬಾಕಿ ಇತ್ತು" ಅಂದರು. ಆದರೂ ತಿಂದರು.

ಅಲ್ಲಿಂದ ಶುರುವಾಯಿತು ನನ್ನ ಪಾಡು. ಬಾಟಲಿಯ ಮೇಯನೇಸ್ ಹಾಕಿದ ದಿನ, "ಸೋಪು ನೆಕ್ದಂಗೈತೆ" ಎಂದು ಉಗಿದರು. ಹುಚ್ಚೆಳ್ಳು ಪುಡಿ ಬೆರೆಸಿದ ದಿನ ನಾಲ್ಕು ಹೋಳೂ ಖಾಲಿ. ಖುಷಿಯಾಗಿ ಮರುದಿನವೂ ಅದನ್ನೇ ಮಾಡಿದೆ, ಎರಡು ಹೋಳು ಉಳಿಯಿತು. ಒಂದು ರುಚಿಗೆ ಒಂದೇ ದಿನದ ಆಯಸ್ಸು ಎಂದು ತಿಳಿದುಕೊಂಡೆ. ಸಬ್ಬಸಿಗೆ ಸೊಪ್ಪು ಮತ್ತು ಕೆನೆಮೊಸರು, ಮಾವಿನಕಾಯಿ ತುರಿಗೆ ಸಾಸಿವೆ ಒಗ್ಗರಣೆ, ಹಿಂದಿನ ದಿನ ಎತ್ತಿಟ್ಟ ಬಸ್ಸಾರಿನ ಖಾರ, ಸುಟ್ಟ ಬೆಳ್ಳುಳ್ಳಿ, ನಿಂಬೆ ಉಪ್ಪಿನಕಾಯಿಯ ಗೊಜ್ಜು. ಹುಣಸೆಹಣ್ಣು ಮಾತ್ರ ಯಾರೂ ಹಾಕಬೇಡಿ, ನೋಡುವುದಕ್ಕೇ ಆಗುವುದಿಲ್ಲ. ಬಸ್ಸಿನಲ್ಲಿ ನಿಂತಾಗಲೂ ತಲೆಯಲ್ಲಿ ನಾಳೆಯ ಹಳದಿಗೆ ಏನು ಬೆರೆಸಲಿ ಎಂಬುದೇ. ಸಾಕಾಗಿಹೋಗಿತ್ತು.

ಮೊಟ್ಟೆ ಒಳಗಿನ ಅಡುಗೆಮನೆಗೆ ಬರುವಂತಿರಲಿಲ್ಲ, ಅದು ಅತ್ತೆಯದೇ ಕಾನೂನು. ಹಾಗಾಗಿ ಬೆಳಗ್ಗೆ ಐದಕ್ಕೆದ್ದು ಮೆಟ್ಟಿಲ ಕೆಳಗಿನ ಸ್ಟೌವಿನ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದೆ. ಸೋಮವಾರ, ಶನಿವಾರ ಮಾತ್ರ ಬಿಡುವು. ಆ ಎರಡು ದಿನ ಅತ್ತೆ ಮೊಟ್ಟೆ ಮುಟ್ಟುವವರಲ್ಲ. ಗಾಯ ಕೂಡದೆ ಹೋದರೂ ಸರಿ, ಮದುವೆಯಾಗಿ ಬಂದಾಗಿನಿಂದ ನಡೆಸಿಕೊಂಡು ಬಂದ ವಾರ ಕೆಡಬಾರದು.

ಒಂದು ಗುರುವಾರ ಬಂದ್ ಆಯಿತು. ಅದರ ಬದಲಿಗೆ ಶನಿವಾರ ಕೆಲಸಕ್ಕೆ ಬನ್ನಿ ಎಂದರು ಆಫೀಸಿನವರು. ನನ್ನ ಲೆಕ್ಕ ತಪ್ಪಿದ್ದು ಅಲ್ಲೇ. ಸೋಮವಾರ ಬಿಟ್ಟರೆ ಆಫೀಸು ಇರುವ ದಿನವೆಲ್ಲ ಮೊಟ್ಟೆಯೂ ಇದೆ ಎಂದು ಕೈ ತನ್ನಷ್ಟಕ್ಕೆ ತಾನೇ ಕೆಲಸ ಮಾಡಿತು. ಸಬ್ಬಸಿಗೆ ಬೆರೆಸಿ ತುಂಬಿ ತಟ್ಟೆ ಕೊಟ್ಟೆ. ಅತ್ತೆ ತಟ್ಟೆ ನೋಡಿದರು, ನನ್ನ ಮುಖ ನೋಡಿದರು, ನಾಲ್ಕೂ ಹೋಳು ತಿಂದರು.

ಹೆಬ್ಬಾಳದ ಹತ್ತಿರ ಬಸ್ಸಿನ ಕಿಟಕಿಯಿಂದ ಆಂಜನೇಯನ ಗುಡಿ ಮುಂದಿನ ಸಾಲು ಕಂಡಾಗ ನೆನಪಾಯಿತು. ಶನಿವಾರ! ಅಷ್ಟು ವರ್ಷದ ವಾರವನ್ನು ನನ್ನ ಕೈಯಾರೆ ಕೆಡಿಸಿದ್ದೆ. ಅವತ್ತಿಡೀ ಕೆಲಸದಲ್ಲಿ ಮನಸ್ಸೇ ನಿಲ್ಲಲಿಲ್ಲ.

ಸಂಜೆ ಬಂದವಳೇ ಮಂಚದ ಹತ್ತಿರ ಹೋದೆ. "ಅತ್ತೆ, ಇವತ್ತು ಶನಿವಾರ. ನಂಗೆ ಮರ್ತೇ ಹೋಯ್ತು. ತಪ್ಪಾಯ್ತು."

"ನಂಗೊತ್ತಿತ್ತು ಕಣಮ್ಮ."

"ಗೊತ್ತಿದ್ದೂ ಯಾಕೆ ತಿಂದ್ರಿ?"

"ನೀನು ನಿಂತ್ಕಂಡೇ ತೂಕಡಿಸ್ತಿದ್ದೆ. ಬ್ಯಾಡ ಅಂದಿದ್ರೆ ಇನ್ನೇನೋ ಮಾಡಾಕೆ ಓಗ್ತಿದ್ದೆ. ದೇವ್ರು ಕಾಯ್ತಾನೆ, ನಿನ್ ಬಸ್ ಕಾಯ್ತದಾ?"

ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿ ಮೆಲ್ಲಗೆ ಅಂದರು: "ಉಪ್ಪೂ ಆಕಿರ್ಲಿಲ್ಲ."

ಚಪ್ಪಲಿ ಬಿಡುವುದನ್ನೂ ಮರೆತು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.